ಪ್ರತಿಭಟನೆಯ ಮೂರನೆಯ ದಿನ ಜೊತೆಗಿರುವವರು ಯಾರು?

ಪ್ರಶ್ನೆ: ನಾನು ಪದವಿ ಮುಗಿಸಿ ಚಿಕ್ಕಮಗಳೂರಿನ ಬಳಿ ಒಂದು ಹೋಮ್‌ಸ್ಟೇಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡುವ ಅಸ್ಸಾಮಿನ ಇಬ್ಬರು ಹುಡುಗರನ್ನು ಕಳೆದ ತಿಂಗಳು ಪೇಟೆಯಲ್ಲಿ ನಾಲ್ಕೈದು ಜನ ಅಡ್ಡಗಟ್ಟಿದರು. ಅವರ ಕಣ್ಣು, ಮೂಗು ಆಡಿಕೊಂಡು, "ಯಾವ ದೇಶದವರು ನೀವು, ಆಧಾರ್ ತೋರಿಸಿ" ಎಂದು ದಬಾಯಿಸಿ, ಅದನ್ನೇ ಮೊಬೈಲ್‌ನಲ್ಲಿ ಚಿತ್ರೀಕರಿಸಿ ಹಂಚಿದರು. ನಾವು ಏಳು ಗೆಳೆಯರು ಸೇರಿ ಜನಾಂಗೀಯ ನಿಂದನೆಯ ವಿರುದ್ಧ ಪ್ರತಿಭಟನೆ ಮಾಡಬೇಕೆಂದಿದ್ದೇವೆ. ಯಾವ ಸಂಘಟನೆಯ ಪರಿಚಯವೂ ನಮಗಿಲ್ಲ. ಯಾರನ್ನು ಕೇಳಬೇಕು, ಹಣಕ್ಕೆ ಏನು ಮಾಡಬೇಕು, ಪೊಲೀಸರ ಅನುಮತಿ ಹೇಗೆ? ಇಪ್ಪತ್ತೇ ಜನ ಬಂದರೆ ನಗೆಪಾಟಲಾಗುವುದಿಲ್ಲವೇ?

ಉತ್ತರ: ಏಳು ಜನ ಸಾಕು. ಈ ಊರಿನಲ್ಲಿ ನಾನು ಕಂಡ ಎಷ್ಟೋ ಹೋರಾಟಗಳು ಮೂವರು ಕುಳಿತು ಎರಡು ಕಾಫಿಯನ್ನು ಹಂಚಿಕೊಂಡ ಮೇಜಿನಿಂದಲೇ ಹೊರಟವು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಾರು ಯಾರನ್ನು ಕೇಳಬೇಕು ಎಂದು ವಿಚಾರಿಸಿದ್ದೀರಿ. ಆ ಇಬ್ಬರು ಹುಡುಗರು ಏನು ಹೇಳಿದರು ಎಂಬುದು ಮಾತ್ರ ಎಲ್ಲೂ ಕಾಣಲಿಲ್ಲ.

ಕೊಂಕು ತೆಗೆಯಲೆಂದು ಇದನ್ನು ಹೇಳುತ್ತಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಬ್ಯೂಟಿ ಪಾರ್ಲರ್ ಒಂದರಲ್ಲಿ ಕೆಲಸಕ್ಕಿದ್ದ ಮಣಿಪುರದ ಹುಡುಗಿಯನ್ನು ಬೀದಿಯಲ್ಲಿ ಹೊಲಸು ಮಾತಿನಿಂದ ಅವಮಾನಿಸಿದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಾವು ಹತ್ತಾರು ಮಂದಿ ಆಜಾದ್ ಪಾರ್ಕಿನಲ್ಲಿ ಧರಣಿ ಕುಳಿತೆವು. ಭಾಷಣಗಳು ಚೆನ್ನಾಗಿದ್ದವು, ನನ್ನದೂ ಸೇರಿ. ಮರುದಿನದ ಪತ್ರಿಕೆಯಲ್ಲಿ ಅವಳ ಹೆಸರು ಇರಲಿಲ್ಲ, ಆದರೆ ಮೂಲೆಯಲ್ಲಿ ನಿಂತಿದ್ದ ಅವಳ ಮುಖ ಫೋಟೋದಲ್ಲಿ ಬಂದಿತ್ತು. ಮೂರನೆಯ ದಿನ ಮನೆ ಮಾಲೀಕರು ಖಾಲಿ ಮಾಡು ಎಂದರು. ನಾನು ಹೋದಾಗ ಆಟೋದಲ್ಲಿ ಒಂದು ಸೂಟ್‌ಕೇಸು, ಒಂದು ಗ್ಯಾಸ್ ಒಲೆ, ಹಾಸಿಗೆ ಹೊದಿಕೆಯಲ್ಲಿ ಗಂಟು ಕಟ್ಟಿದ ಪಾತ್ರೆಗಳಿದ್ದವು. ಅವಳು ಸಿಟ್ಟಾಗಲಿಲ್ಲ. "ಸರ್, ಮೊದಲೇ ಹೇಳಿದ್ದರೆ ಬೇರೆ ಮನೆ ನೋಡಿಕೊಂಡಿರುತ್ತಿದ್ದೆ" ಎಂದಳು, ಅಷ್ಟೇ. ಮೈಕಿನಲ್ಲಿ ಗುಡುಗಿದವರಿಗೆ ಅಂದು ಸಂಜೆ ಫೋನ್ ಮಾಡಿದೆ. ಒಬ್ಬರು ಮದುವೆಯಲ್ಲಿದ್ದರು, ಇನ್ನೊಬ್ಬರು ಬೆಂಗಳೂರಿನಲ್ಲಿದ್ದರು. ಅವಳಿಗೆ ಕೋಣೆ ಹುಡುಕಿಕೊಟ್ಟವರು ಧರಣಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಒಂದು ಮಾತೂ ಆಡದೆ ಎದ್ದುಹೋಗಿದ್ದ ಅಂಗನವಾಡಿ ಕಾರ್ಯಕರ್ತೆ.

ಅಂದಿನಿಂದ ನನ್ನ ಅಳತೆಗೋಲು ಬದಲಾಯಿತು. ಬೆಂಬಲ ಕೇಳಲು ಯಾರ ಬಾಗಿಲಿಗೆ ಹೋದರೂ, ಪ್ರತಿಭಟನೆಗೆ ಎಷ್ಟು ಜನರನ್ನು ಕರೆತರುತ್ತೀರಿ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಮೂರನೆಯ ದಿನ ಫೋನ್ ಮಾಡಿದರೆ ಎತ್ತುವವರು ನಿಮ್ಮಲ್ಲಿ ಯಾರು, ಅವರ ನಂಬರ್ ಕೊಡಿ ಎನ್ನುತ್ತೇನೆ. ಈ ಒಂದು ಪ್ರಶ್ನೆಗೆ ಅರ್ಧದಷ್ಟು ಜನ ತಾವಾಗಿಯೇ ಜಾರಿಕೊಳ್ಳುತ್ತಾರೆ. ಉಳಿದವರೇ ನಿಮ್ಮ ಜೊತೆಗಾರರು.

ಆದ್ದರಿಂದ ಮೊದಲ ವಾರ ಆ ಹುಡುಗರಿಗೆ ಮೀಸಲಿಡಿ. ಹೋಮ್‌ಸ್ಟೇಯ ಅಡುಗೆಮನೆಯಲ್ಲಿ, ಮಾಲೀಕರ ಎದುರಿನಲ್ಲಿ ಕೇಳಬೇಡಿ. ರಜೆಯ ದಿನ ಹೊರಗೆ ಕುಳಿತು ಮಾತಾಡಿ. ಪ್ರತಿಭಟನೆ ಬೇಕೇ, ಬರೀ ದೂರು ಸಾಕೇ, ಏನೂ ಬೇಡವೇ? ಮುಖ ಕಾಣಬಹುದೇ? ಊರಿನಲ್ಲಿರುವ ಅಪ್ಪ ಅಮ್ಮನಿಗೆ ಈ ವಿಡಿಯೋ ತಲುಪಿದೆಯೇ? ಅವರು "ಬೇಡ" ಎಂದರೆ ಅದನ್ನು ಹೆದರಿಕೆ ಎಂದು ತಳ್ಳಿಹಾಕಬೇಡಿ. ಲೆಕ್ಕ ಹಾಕಿಯೇ ಹೇಳುತ್ತಿರುತ್ತಾರೆ.

ಅವರಿಬ್ಬರನ್ನು ದಾಟಿ ಅವರಂಥವರು ಇನ್ನೂ ಎಷ್ಟು ಜನರಿದ್ದಾರೆ ಎಂದು ತಿಳಿಯಬೇಕಾದರೆ ಸಂಘಟನೆಗಳ ಕಚೇರಿಗಿಂತ ಮೊದಲು ಮೊಬೈಲ್ ರೀಚಾರ್ಜ್ ಅಂಗಡಿಗೆ ಹೋಗಿ. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಯಾವ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಯಾವ ಊರಿನವರಿದ್ದಾರೆ ಎಂಬುದು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಬಿಟ್ಟರೆ ಆ ಅಂಗಡಿಯವನಿಗೇ ಗೊತ್ತು. ಸಂತೆಯ ದಿನ ಒಣಮೀನಿನ ಸಾಲಿನ ಬಳಿ ನಿಂತರೆ ಅರ್ಧ ಅಸ್ಸಾಂ ಅಲ್ಲೇ ಸಿಗುತ್ತದೆ. ಜಾರ್ಖಂಡ್ ಕಡೆಯ ಆದಿವಾಸಿ ಕುಟುಂಬಗಳಲ್ಲಿ ಕ್ರೈಸ್ತರೂ ಇದ್ದಾರೆ. ನಮ್ಮ ಜಿಲ್ಲೆಗೆ 1963ರಿಂದ ಪ್ರತ್ಯೇಕ ಧರ್ಮಪ್ರಾಂತ್ಯವಿದೆ, ತೋಟಗಳ ನಡುವೆಯೂ ಚರ್ಚುಗಳಿವೆ. ಭಾನುವಾರ ಬೆಳಗ್ಗೆ ಅಲ್ಲಿನ ಪಾದ್ರಿಯವರೊಡನೆ ಮಾತಾಡಿ. ಅಸ್ಸಾಮಿನ ಮುಸ್ಲಿಂ ಕಾರ್ಮಿಕರು ಶುಕ್ರವಾರದ ನಮಾಜಿಗೆ ಬರುತ್ತಾರೆ. ಇವರೆಲ್ಲರನ್ನೂ "ಅಸ್ಸಾಮಿಗಳು" ಎಂದು ಒಂದೇ ಚೀಲಕ್ಕೆ ತುಂಬುವ ಚಾಳಿ ನಮ್ಮೂರಿನದು. ಬೋಡೋ ಬುಡಕಟ್ಟಿನ ಹುಡುಗನಿಗೆ ಬೀಳುವ ಬೈಗುಳವೇ ಬೇರೆ, ಬಂಗಾಳಿ ಮಾತಾಡುವ ಮುಸ್ಲಿಮನಿಗೆ ಬೀಳುವುದೇ ಬೇರೆ, ಚಹಾ ತೋಟದ ಮೂಲದ ಸಂತಾಲ ಆದಿವಾಸಿಯದ್ದು ಮತ್ತೊಂದು. ಒಬ್ಬನಿಗೆ "ಚೀನಾ", ಒಬ್ಬನಿಗೆ "ಬಾಂಗ್ಲಾ". ನಿಮ್ಮ ಪ್ರತಿಭಟನೆ ಮೊದಲನೆಯವನಿಗೆ ಮಾತ್ರವೇ, ಎಲ್ಲರಿಗೂ ಸೇರಿಯೇ ಎಂಬುದನ್ನು ನಿಮ್ಮ ಏಳು ಜನರಲ್ಲೇ ಮೊದಲು ತೀರ್ಮಾನಿಸಿಕೊಳ್ಳಿ. ಮಧ್ಯದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರೆ ಕೆಲಸ ಕೆಟ್ಟಿತು.

ಇನ್ನು ಹೆಸರಿನ ವಿಚಾರ. "ವರ್ಣಭೇದ" ಎಂದರೆ ಬಸ್ಸಿಗೆ ಕಾಯುತ್ತಿರುವ ನಮ್ಮೂರಿನವರಿಗೆ ದಕ್ಷಿಣ ಆಫ್ರಿಕಾ ನೆನಪಾಗುತ್ತದೆ, ಗಾಂಧೀಜಿಯನ್ನು ರೈಲಿನಿಂದ ಇಳಿಸಿದ ಪಾಠ ನೆನಪಾಗುತ್ತದೆ. ತಮ್ಮ ಊರಿನ ಬಸ್ ನಿಲ್ದಾಣ ನೆನಪಾಗುವುದಿಲ್ಲ. "ಜನಾಂಗೀಯ ತಾರತಮ್ಯ" ಮನವಿ ಪತ್ರದಲ್ಲಿ ಇರಲಿ, ಅಲ್ಲಿ ಅದು ಬೇಕು. ಬ್ಯಾನರ್ ಮೇಲೆ "ಮುಖ ನೋಡಿ ಅವಮಾನ ಮಾಡುವುದು ನಿಲ್ಲಲಿ" ಎಂಬಂಥದ್ದು ಸಾಕು. ಅಂದ ಹಾಗೆ, ಕಾಫಿಯೇ ಯೆಮನ್‌ನಿಂದ ಬಂದ ಬೀಜವಲ್ಲವೇ, ನಾವೆಲ್ಲ ಹೊರಗಿನವರೇ ಎಂಬ ಮಾತನ್ನು ಯಾರಾದರೂ ಕರಪತ್ರಕ್ಕೆ ಸೇರಿಸಲು ಬರುತ್ತಾರೆ. ಬೇಡ ಎನ್ನಿ. ಆ ಬೀಜ ತಂದರೆಂದು ಹೇಳುವ ಬಾಬಾ ಬುಡನ್ ಹೆಸರಿನ ಬೆಟ್ಟದ ದರ್ಗಾ-ಪೀಠಕ್ಕೆ ಹಿಂದೂ-ಮುಸ್ಲಿಂ ವಿವಾದ ಅಂಟಿದೆ; ಈ ಜಿಲ್ಲೆಯಲ್ಲಿ ಬಾಬಾಬುಡನ್‌ಗಿರಿಯ ಹೆಸರು ಎತ್ತಿದ ಕ್ಷಣ ನಿಮ್ಮ ಪ್ರತಿಭಟನೆ ಬೇರೆಯದೇ ಜಗಳವಾಗಿಬಿಡುತ್ತದೆ, ಹುಡುಗರು ಪಕ್ಕಕ್ಕೆ ಸರಿಯುತ್ತಾರೆ.

ಯಾರ ಬಾಗಿಲು ತಟ್ಟಬೇಕು ಎಂದರೆ, ನನ್ನ ಮಟ್ಟಿಗೆ ಮೊದಲ ಬಾಗಿಲು ದಲಿತ ಸಂಘಟನೆಗಳದು. ಪಕ್ಕದ ಭದ್ರಾವತಿಯ ಸುತ್ತ 1970ರ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಗೆ ನಮ್ಮ ಜಿಲ್ಲೆಯಲ್ಲಿ ಆಳವಾದ ಬೇರುಗಳಿವೆ. ಒಂದು ಅವಮಾನ ಹೇಗಿರುತ್ತದೆ ಎಂದು ಅವರಿಗೆ ವಿವರಿಸಬೇಕಾಗಿಲ್ಲ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗೀಯತೆ ವಿರೋಧಿ ಸಮ್ಮೇಳನ ನಡೆದಾಗ ಜಾತಿಯ ಪ್ರಶ್ನೆಯನ್ನು ಅಲ್ಲಿಯವರೆಗೆ ಒಯ್ದದ್ದು ಈ ದೇಶದ ದಲಿತ ಸಂಘಟನೆಗಳು. ಜಾತಿ ಬೇರೆ, ಜನಾಂಗ ಬೇರೆ ಎಂದು ನಮ್ಮ ಸರ್ಕಾರ ಅದನ್ನು ವಿರೋಧಿಸಿತು. ಆ ವಾದ ಏನೇ ಇರಲಿ, ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಐದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅದರ ಎರಡನೆಯ ಖಂಡವನ್ನು ಓದಿಟ್ಟುಕೊಳ್ಳಿ: ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದು ಸರ್ಕಾರಕ್ಕೆ ಮಾತ್ರವಲ್ಲ, ಖಾಸಗಿಯವರಿಗೂ ಅನ್ವಯಿಸುತ್ತದೆ.

ಒಂದು ಎಚ್ಚರಿಕೆ. ದಲಿತ ಸಂಘಟನೆಗಳಲ್ಲಿ ಬಣಗಳಿವೆ. ಪ್ರತಿಯೊಂದು ಬಣದ ಮುಖಂಡರನ್ನೂ ಪ್ರತ್ಯೇಕವಾಗಿ, ಖುದ್ದಾಗಿ ಭೇಟಿ ಮಾಡಿ. ಒಬ್ಬರ ಬಾಯಿಯಿಂದ ಇನ್ನೊಬ್ಬರಿಗೆ ಕರೆ ಹೋಗುವುದು ಬೇಡ. ಇನ್ನೊಂದು ಮಾತು ಹೇಳಲೇಬೇಕು. ಅವರ ಯಾವುದಾದರೂ ಧರಣಿಗೆ ನೀವು ಏಳು ಜನ ಇದುವರೆಗೆ ಹೋಗಿದ್ದೀರಾ? ಇಲ್ಲವಾದರೆ ಮೊದಲು ಒಂದು ಸಲ ಹೋಗಿ, ಬಿಸಿಲಿನಲ್ಲಿ ಕುಳಿತು, ಬೇಡಿಕೆ ಏನೆಂದು ಕೇಳಿಕೊಂಡು ಬನ್ನಿ. ತಮ್ಮ ಕೇರಿಯ ಸ್ಮಶಾನದ ಜಾಗಕ್ಕಾಗಿ ವರ್ಷಗಟ್ಟಲೆ ಅಲೆದವರ ಮುಂದೆ ಹೋಗಿ "ನಮ್ಮ ಕಾರ್ಯಕ್ರಮಕ್ಕೆ ಬನ್ನಿ" ಎಂದರೆ ಅವರು ನಕ್ಕು ಬರುತ್ತೇವೆ ಎನ್ನುತ್ತಾರೆ. ಬರುವುದಿಲ್ಲ.

ಎರಡನೆಯದು ತೋಟ ಕಾರ್ಮಿಕರ ಸಂಘಗಳು. ಎಐಟಿಯುಸಿ, ಸಿಐಟಿಯು ಎರಡೂ ಇಲ್ಲಿ ಕೆಲಸ ಮಾಡುತ್ತವೆ. ಲೈನ್ ಮನೆಗಳ ಒಳಗೆ ಹೋಗಿ ಬರುವ ದಾರಿ ಅವರಿಗೆ ಗೊತ್ತು. ಆದರೆ ಅವರಲ್ಲೂ ಒಂದು ಮುಜುಗರವಿದೆ: ಹೊರಗಿನವರು ಬಂದು ಕಡಿಮೆ ಕೂಲಿಗೆ ದುಡಿಯುವುದರಿಂದ ತಮ್ಮ ಚೌಕಾಶಿ ಕುಂದಿತು ಎಂದು ಸ್ಥಳೀಯ ಕಾರ್ಮಿಕರಿಗೆ ಅನಿಸುತ್ತದೆ. ಅನಿಸಿಕೆಯಲ್ಲಿ ಹುರುಳಿಲ್ಲದಿಲ್ಲ. ಇದನ್ನು ಮುಚ್ಚಿಡದೆ ಅವರೊಡನೆ ಮಾತಾಡಿ. ಹಿಂದೆ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಬಂದ ಆಳುಗಳನ್ನೂ ಇದೇ ಬಾಯಿಗಳು ಆಡಿಕೊಂಡಿದ್ದವು. ಅವರ ಮೊಮ್ಮಕ್ಕಳು ಇಂದು ಇದೇ ಸಂಘಗಳ ಸದಸ್ಯರು. ಹಳೆಯ ಕಾರ್ಮಿಕ ಹೆಂಗಸರನ್ನು ಕೇಳಿ, ಅಜ್ಜಿಗೆ ಕೇಳಿಸಿದ್ದ ಬೈಗುಳ ಯಾವುದು ಎಂದು. ಮರೆತಿರುವುದಿಲ್ಲ.

ಕಾಫಿ ಬೆಳೆಗಾರರನ್ನು ಮರೆಯಬೇಡಿ. ಇದನ್ನು ಹೇಳಿದ್ದಕ್ಕೆ ನನ್ನ ಹಳೆಯ ಸಂಗಾತಿಗಳು ಮುಖ ಸಿಂಡರಿಸಬಹುದು. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾದರೆ ಫೆಬ್ರವರಿ, ಮಾರ್ಚ್‌ವರೆಗೆ ರೋಬಸ್ಟಾ ಕೊಯ್ಲು. ಆಗ ಅಸ್ಸಾಮಿನವರಿಲ್ಲದಿದ್ದರೆ ಎಷ್ಟೋ ತೋಟಗಳಲ್ಲಿ ಹಣ್ಣು ನೆಲಕ್ಕೇ. ಅವಮಾನದ ವಿಡಿಯೋ ನೋಡಿ ರಾತ್ರೋರಾತ್ರಿ ಒಂದು ಲೈನು ಖಾಲಿಯಾದರೆ ಮೊದಲು ತಲೆಯ ಮೇಲೆ ಕೈ ಹೊತ್ತುಕೊಳ್ಳುವವರು ಬೆಳೆಗಾರರು. ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ನಿನ ಕೇಂದ್ರ ಕಚೇರಿ ಇರುವುದು ನಮ್ಮ ಊರಿನಲ್ಲೇ. ಅವರನ್ನು ವೇದಿಕೆಗೆ ಕರೆಯಬೇಡಿ. ಕೂಲಿ, ಮನೆ, ದಾಖಲೆಗಳ ವಿಚಾರದಲ್ಲಿ ಅವರೂ ಉತ್ತರ ಹೇಳಬೇಕಾದವರೇ. ಪೊಲೀಸ್ ಅಧಿಕಾರಿಗಳಿಗೆ ಒಂದು ಪತ್ರ ಬರೆಯಿರಿ, ನಿಮ್ಮ ಕಾರ್ಮಿಕರು ಪೇಟೆಗೆ ನಿರ್ಭಯವಾಗಿ ಬರುವಂತಾಗಲಿ ಎಂದು ಕೇಳಿರಿ ಎನ್ನಿ. ಬೆಳೆಗಾರರ ಒಂದು ಪತ್ರಕ್ಕೆ ನಮ್ಮ ಹತ್ತು ಘೋಷಣೆಗಳಿಗಿಂತ ಬೇಗ ಕಡತ ಚಲಿಸುತ್ತದೆ. ಬೇಸರದ ಸಂಗತಿ, ಆದರೆ ನಿಜ. ನಿಮ್ಮ ಹೋಮ್‌ಸ್ಟೇ ಮಾಲೀಕರಿಗೂ ಇದೇ ಮಾತು. ಪ್ರವಾಸಿಗರ ಮುಂದೆ ಊರಿನ ಹೆಸರು ಕೆಡುತ್ತದೆ ಎಂದು ಅವರು ಹಿಂಜರಿಯುತ್ತಾರೆ; ಹುಡುಗರು ಬಿಟ್ಟುಹೋದರೆ ಅಡುಗೆಯೂ ಕೆಡುತ್ತದೆ ಎಂದು ನೆನಪಿಸಿ.

ಕನ್ನಡಪರ ಸಂಘಟನೆಗಳ ಬಳಿ ಹೋಗಲು ನೀವು ಅಳುಕುತ್ತೀರಿ ಎಂದು ಊಹಿಸಬಲ್ಲೆ. ಹೋಗಿ. ಗಡಿ ಗಲಾಟೆಯಾದಾಗ ಮಹಾರಾಷ್ಟ್ರದಲ್ಲಿ ನಮ್ಮ ಬಸ್ಸಿಗೆ ಮಸಿ ಬಳಿಯುತ್ತಾರಲ್ಲ, ಆಗ ಬಸ್ಸಿನೊಳಗೆ ಕುಳಿತ ಚಾಲಕನಿಗೆ ಏನನಿಸುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಾತು ಅಲ್ಲಿಂದ ಶುರುವಾಗಲಿ. ಸಾಧ್ಯವಾದರೆ ಕನ್ನಡ ಕಲಿತ ಅಸ್ಸಾಮಿ ಹುಡುಗನೊಬ್ಬನನ್ನು ಜೊತೆಗೆ ಕರೆದೊಯ್ಯಿರಿ. ನನಗೆ ಗೊತ್ತಿರುವ ಅಂಥ ಒಬ್ಬ ಹುಡುಗ ಮೇಸ್ತ್ರಿಯ ಬಳಿ ನಾಲ್ಕು ವರ್ಷ ಕೆಲಸ ಮಾಡಿ, ನಮ್ಮ ಮಲೆನಾಡಿನವರಂತೆಯೇ ಎಳೆದು ಮಾತಾಡುತ್ತಾನೆ. ಅವನು ಬಾಯಿ ತೆರೆದರೆ ಅರ್ಧ ವಾದ ಮುಗಿಯಿತು. ಹಾಗೆಂದು ಕನ್ನಡ ಬಾರದವನನ್ನು ಅವಮಾನಿಸಬಹುದು ಎಂಬ ಅರ್ಥ ಬರದಂತೆ ನೋಡಿಕೊಳ್ಳಿ.

ರೈತ ಸಂಘ, ಮಹಿಳಾ ಸಂಘಟನೆಗಳು, ರಂಗಭೂಮಿಯವರು, ಕಾಲೇಜಿನ ಅಧ್ಯಾಪಕರು ಇವರೆಲ್ಲ ಕರೆದರೆ ಬರುತ್ತಾರೆ. ವಿದ್ಯಾರ್ಥಿಗಳಿಗೆ ಪರೀಕ್ಷೆಯ ದಿನಾಂಕ ನೋಡಿ ಹೇಳಿ. ರಾಜಕೀಯ ಪಕ್ಷದವರು ಕರೆಯದೆಯೇ ಬರುತ್ತಾರೆ. ನೆಲದ ಮೇಲೆ ಎಲ್ಲರ ಜೊತೆ ಕುಳಿತುಕೊಳ್ಳಲಿ, ಮೈಕು ಬೇಡ.

ಪೂರ್ವಸಿದ್ಧತಾ ಸಭೆ ಒಂದು ಗಂಟೆಗೆ ಮುಗಿಯಬೇಕು, ಮುಗಿಯುವುದಿಲ್ಲ. ಏಕೆಂದರೆ ಕರಪತ್ರದ ಕೆಳಗೆ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಬರುತ್ತದೆ. ಇಂಥ ಒಂದು ಸಭೆಯಲ್ಲಿ ಬೇಡಿಕೆಗಳಿಗೆ ಹತ್ತು ನಿಮಿಷ, ಹೆಸರುಗಳ ಕ್ರಮಕ್ಕೆ ಒಂದೂವರೆ ಗಂಟೆ ಹಿಡಿದದ್ದನ್ನು ನಾನೇ ಗಡಿಯಾರ ನೋಡಿ ಬರೆದಿಟ್ಟಿದ್ದೇನೆ. ಕೊನೆಗೆ ಮುದ್ರಣಾಲಯದ ಹುಡುಗ ಬೇಸತ್ತು "ಸರ್, ಹಾಳೆ ಮುಗಿಯಿತು, ಇಷ್ಟೇ ಹೆಸರು ಹಿಡಿಯುತ್ತದೆ" ಎಂದ. ಅದಕ್ಕೆ ನನ್ನ ಸಲಹೆ: ಬ್ಯಾನರ್‌ನಲ್ಲಿ ಯಾವ ಸಂಘಟನೆಯ ಹೆಸರೂ ಬೇಡ, "ಚಿಕ್ಕಮಗಳೂರಿನ ನಾಗರಿಕರು" ಎಂದಿರಲಿ. ಕರಪತ್ರದಲ್ಲಿ ಅಕಾರಾದಿಯಾಗಿ ಹಾಕಿ. ಈ ನಿಯಮವನ್ನು ಮೊದಲ ಭೇಟಿಯಲ್ಲೇ ಎಲ್ಲರಿಗೂ ಹೇಳಿಬಿಡಿ.

ಕರಪತ್ರದ ಮಾತು ಬಂದದ್ದರಿಂದ ವಾಟ್ಸ್‌ಆ್ಯಪ್ ಬಗ್ಗೆ ಹೇಳಿಬಿಡುತ್ತೇನೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲವೇ ದಿನಗಳಲ್ಲಿ ಊರಿಗೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕಾರಣ ಮೊಬೈಲ್‌ನಲ್ಲಿ ಹರಿದಾಡಿದ ಗಾಳಿಸುದ್ದಿ; ಕೇಂದ್ರ ಸರ್ಕಾರ ಹದಿನೈದು ದಿನ ಸಗಟು ಎಸ್‌ಎಂಎಸ್‌ಗಳಿಗೆ ಕಡಿವಾಣ ಹಾಕಿತು. ನೀವು ಒಳ್ಳೆಯ ಮನಸ್ಸಿನಿಂದ "ನಮ್ಮೂರಿನಲ್ಲಿ ಈಶಾನ್ಯದವರಿಗೆ ರಕ್ಷಣೆಯಿಲ್ಲ, ಎಲ್ಲರೂ ಬನ್ನಿ" ಎಂದು ಬರೆದ ಸಂದೇಶ ಒಂದು ಲೈನ್ ಮನೆಗೆ ತಲುಪುವಾಗ "ಎಲ್ಲರೂ ಓಡಿ" ಎಂದಾಗಿರುತ್ತದೆ. ಆದ್ದರಿಂದ ಸಂದೇಶದಲ್ಲಿ ಏನಾಯಿತು, ಎಲ್ಲಿ ಸೇರುತ್ತೇವೆ, ಎಷ್ಟು ಹೊತ್ತು, ಯಾರಿಗೆ ಫೋನ್ ಮಾಡಬೇಕು ಇಷ್ಟೇ ಇರಲಿ. ಆ ಅವಮಾನದ ವಿಡಿಯೋವನ್ನು ನೀವೇ ಮತ್ತೆ ಹಂಚಬೇಡಿ. ಒಂದು ಪ್ರತಿಯನ್ನು ದೂರಿಗೆ ಸಾಕ್ಷಿಯಾಗಿ ಇಟ್ಟುಕೊಳ್ಳಿ, ಸಾಕು.

ಹಣ ನೀವು ಅಂದುಕೊಂಡಷ್ಟು ಬೇಕಾಗುವುದಿಲ್ಲ. ಮೈಕು, ಕರಪತ್ರ, ಕುಡಿಯುವ ನೀರು, ದೂರದ ತೋಟಗಳಿಂದ ಬರುವವರಿಗೆ ಜೀಪಿನ ಬಾಡಿಗೆ. ಜೀಪಿನದ್ದೇ ದೊಡ್ಡ ಖರ್ಚು, ಅದನ್ನು ಮರೆತು ಶಾಮಿಯಾನಕ್ಕೆ ಹಣ ಸುರಿಯಬೇಡಿ. ಫ್ಲೆಕ್ಸ್ ಮಾಡಿಸಬೇಡಿ, 2016ರಿಂದ ರಾಜ್ಯದಲ್ಲಿ ಅದಕ್ಕೆ ನಿಷೇಧವಿದೆ, ನಗರಸಭೆಯವರು ಬಿಚ್ಚಿಕೊಂಡು ಹೋಗಲು ಒಂದು ನೆಪ ಸಿಗುತ್ತದೆ. ಕಾಟನ್ ಬಟ್ಟೆ, ಒಂದು ಡಬ್ಬಿ ಬಣ್ಣ, ಅಕ್ಷರ ಚೆನ್ನಾಗಿ ಬರೆಯುವ ಒಬ್ಬ ಕಲಾ ಶಿಕ್ಷಕ. ಬಂದ ಹಣಕ್ಕೆ ಇಬ್ಬರು ಹೊಣೆಗಾರರಿರಲಿ, ನೋಟ್‌ಬುಕ್ಕಿನಲ್ಲಿ ರೂಪಾಯಿ ರೂಪಾಯಿಯೂ ಬರೆದಿರಲಿ, ಮುಗಿದ ಮೇಲೆ ಲೆಕ್ಕವನ್ನು ಎಲ್ಲರಿಗೂ ಕಳುಹಿಸಿ. ವಿದೇಶಿ ಪ್ರಜೆಗಳು, ವಿದೇಶಿ ಸಂಸ್ಥೆಗಳು ಪ್ರೀತಿಯಿಂದ ಕೊಟ್ಟರೂ ಮುಟ್ಟಬೇಡಿ. ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಐನೂರು ರೂಪಾಯಿಯ ಆಸೆಗೆ ಇಡೀ ಪ್ರತಿಭಟನೆಗೆ ಮಸಿ ಬಳಿಸಿಕೊಂಡಂತಾಗುತ್ತದೆ.

ಅನುಮತಿಗೆ ಬರೋಣ. ಶಾಂತಿಯುತವಾಗಿ, ಆಯುಧವಿಲ್ಲದೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಸಾರ್ವಜನಿಕ ರಸ್ತೆಯಲ್ಲಿ ಸಭೆಗಳನ್ನು ನಿಯಂತ್ರಿಸಬಹುದು, ಸಾರಾಸಗಟಾಗಿ ನಿಷೇಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಅದೇ ಕೋರ್ಟು 2020ರ ಅಕ್ಟೋಬರ್‌ನಲ್ಲಿ ದೆಹಲಿಯ ಶಾಹೀನ್‌ಬಾಗ್ ಧರಣಿಯ ಪ್ರಕರಣದಲ್ಲಿ, ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಳ್ಳುವಂತಿಲ್ಲ ಎಂದಿತು. ಈ ಎರಡರ ನಡುವೆ ನಿಮ್ಮ ಒಂದು ಗಂಟೆಗೆ ಧಾರಾಳ ಜಾಗವಿದೆ. ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ ಎಂಬ 2021ರ ಆದೇಶ ಬೆಂಗಳೂರು ನಗರದ್ದು, ನಮ್ಮದಲ್ಲ. ಯಾರಾದರೂ ಅದನ್ನು ತೋರಿಸಿ ಹೆದರಿಸಿದರೆ ನಯವಾಗಿ ಹೇಳಿ.

ಕನಿಷ್ಠ ಒಂದು ವಾರ ಮುಂಚೆ ನಗರ ಠಾಣೆಗೆ ಅರ್ಜಿ ಕೊಡಿ, ಪ್ರತಿಗಳನ್ನು ಡಿವೈಎಸ್‌ಪಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ತಹಶೀಲ್ದಾರರಿಗೆ ಕೊಡಿ. ಜಾಗ ನಗರಸಭೆಯದಾದರೆ ಅಲ್ಲಿಗೂ ಒಂದು. ದಿನ, ವೇಳೆ, ಜಾಗ, ಅಂದಾಜು ಸಂಖ್ಯೆ, ಮೈಕು, ಮೂವರು ಜವಾಬ್ದಾರರ ಹೆಸರು ಮತ್ತು ಫೋನ್ ನಂಬರ್ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಒತ್ತಿಸಿಕೊಳ್ಳದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. "ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ನೋಡುತ್ತೇವೆ" ಎಂದರೆ ಸಾಹೇಬರು ಬರುವವರೆಗೆ ಬೆಂಚಿನ ಮೇಲೆ ಕುಳಿತಿರಿ. ನಾನು ಹಾಗೆ ಕುಳಿತು ಇಡೀ ಪತ್ರಿಕೆಯನ್ನು, ಟೆಂಡರ್ ಪ್ರಕಟಣೆಗಳ ಸಮೇತ, ಓದಿ ಮುಗಿಸಿದ್ದುಂಟು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಿರುತ್ತದೆ, ಮೈಕಿನ ಜಾಗ ಗೊತ್ತುಮಾಡುವಾಗ ಹೆಜ್ಜೆ ಹಾಕಿ ಅಳೆಯಿರಿ. ಆ ದಿನ ನಿಷೇಧಾಜ್ಞೆ ಇದೆಯೇ ಎಂದು ಹಿಂದಿನ ಸಂಜೆ ವಿಚಾರಿಸಿ. ನಿಷೇಧಾಜ್ಞೆಯ ಹಳೆಯ 144ನೇ ಸೆಕ್ಷನ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163 ಆಗಿದೆ.

ನೇಪಾಳದವರು, ಆಫ್ರಿಕಾದ ವಿದ್ಯಾರ್ಥಿಗಳು ಬರುತ್ತೇನೆಂದರೆ ಸ್ವಲ್ಪ ನಿಧಾನಿಸಿ. ಸಮಾನತೆಯ 14ನೇ, ಜೀವಿಸುವ ಹಕ್ಕಿನ 21ನೇ ವಿಧಿಗಳ ರಕ್ಷಣೆ ಈ ನೆಲದ ಮೇಲಿರುವ ಎಲ್ಲರಿಗೂ ಉಂಟು, 19ನೆಯದು ಭಾರತದ ಪ್ರಜೆಗಳಿಗೆ ಮಾತ್ರ. ವೀಸಾ ಮೇಲೆ ಇರುವವರನ್ನು ಘೋಷಣೆ ಕೂಗಲು ನಿಲ್ಲಿಸಿ ನೀವು ಮನೆಗೆ ಹೋದರೆ ತೊಂದರೆ ಅವರ ಪಾಲಿಗೆ. 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿದ್ದು ನಿಮಗೆ ನೆನಪಿರಬಹುದು. ಅಂಥ ಅನುಭವವನ್ನು ಅವರು ಬರೆದುಕೊಟ್ಟರೆ ನೀವು ಓದಬಹುದು.

ಮನವಿ ಪತ್ರ ಎರಡು ಪುಟ ದಾಟಬಾರದು. "ಜನಾಂಗೀಯತೆ ತೊಲಗಲಿ" ಎಂಬ ಬೇಡಿಕೆಯನ್ನು ಜಿಲ್ಲಾಧಿಕಾರಿ ಎಲ್ಲಿ ಜಾರಿ ಮಾಡಬೇಕು? ಎಫ್‌ಐಆರ್ ದಾಖಲಾಗಲಿ, ವಿಡಿಯೋ ತೆಗೆಸಲಿ, ಹೋಟೆಲ್ ಮತ್ತು ಹೋಮ್‌ಸ್ಟೇ ಮಾಲೀಕರ, ಬೆಳೆಗಾರರ, ಕಾರ್ಮಿಕರ ಸಭೆಯನ್ನು ಇಂತಿಷ್ಟು ದಿನದೊಳಗೆ ಕರೆಯಲಿ, ಹಿಂದಿ ಅಥವಾ ಅಸ್ಸಾಮಿ ಬಲ್ಲ ಒಬ್ಬರ ನೆರವು ಠಾಣೆಗೆ ಸಿಗಲಿ, ಖಾಸಗಿಯವರು ದಾರಿಯಲ್ಲಿ ನಿಲ್ಲಿಸಿ ಆಧಾರ್ ಕೇಳುವಂತಿಲ್ಲ ಎಂದು ಪ್ರಕಟಣೆ ಹೊರಡಲಿ. ಇಂಥವನ್ನು ಕೇಳಿ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ಹಲ್ಲೆಯ ನಂತರ ತೀರಿಕೊಂಡಾಗ ಕೇಂದ್ರವು ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. ಅದೇ ವರ್ಷ ವರದಿ ಬಂತು, ಜನಾಂಗೀಯ ನಿಂದನೆಗೆ ಪ್ರತ್ಯೇಕ ಸೆಕ್ಷನ್ ಬೇಕೆಂದಿತು. ಆ ಸೆಕ್ಷನ್ ಬರಲೇ ಇಲ್ಲ. ಹಾಗಾಗಿ ಇರುವುದರಲ್ಲೇ ದೂರು ಬರೆಯಬೇಕು: ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196 ಜನಾಂಗ, ಜನ್ಮಸ್ಥಳ, ಭಾಷೆಯ ಆಧಾರದ ಮೇಲೆ ದ್ವೇಷ ಹರಡುವುದಕ್ಕೆ, 352 ಕೆರಳಿಸುವ ಅವಮಾನಕ್ಕೆ, 351 ಬೆದರಿಕೆಗೆ. ಆ ಹುಡುಗರು ತಮ್ಮ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಶ್ನೆಯೂ ಏಳುತ್ತದೆ. ಇಲ್ಲೊಂದು ತೊಡಕಿದೆ. ಬೋಡೋ ಜನ ಅಸ್ಸಾಮಿನಲ್ಲಿ ಪರಿಶಿಷ್ಟ ಪಂಗಡ. ಸಂತಾಲರು, ಮುಂಡರು ಜಾರ್ಖಂಡ್‌ನಲ್ಲಿ ಹೌದು, ಅಸ್ಸಾಮಿನಲ್ಲಿ ಅಲ್ಲ. ಆದ್ದರಿಂದ ದೂರಿನ ಕರಡನ್ನು ವಕೀಲರಿಗೆ ತೋರಿಸಿ. ಶುಲ್ಕಕ್ಕೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇದೆ, ಸಹಾಯವಾಣಿ 15100. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಅಲ್ಲಿ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ.

ದಿನ ಗೊತ್ತುಮಾಡುವಾಗ ಕಾಫಿ ನೋಡಿ. ಕೊಯ್ಲಿನ ಕಾಲದಲ್ಲಿ ಕೆಲಸದ ದಿನ ಇಟ್ಟರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬರುವುದಿಲ್ಲ, ಬರಲೂಬಾರದು. ರಜೆಯ ದಿನ, ಸಂತೆಗೆ ಪೇಟೆಗೆ ಬರುವ ಹೊತ್ತು ಒಳ್ಳೆಯದು. ಜೂನ್, ಜುಲೈ ಆದರೆ ಮಳೆಯ ಮುಂದೆ ನಿಮ್ಮ ಬಟ್ಟೆಯ ಬ್ಯಾನರ್ ನಿಲ್ಲುವುದಿಲ್ಲ. ಮಾರ್ಚ್ 21 ವಿಶ್ವಸಂಸ್ಥೆ ಗುರುತಿಸಿದ ಜನಾಂಗೀಯ ತಾರತಮ್ಯ ನಿರ್ಮೂಲನಾ ದಿನ. 1960ರ ಆ ದಿನ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಸತ್ತರು. ಪತ್ರಿಕೆಯವರಿಗೆ ಹೇಳಲು ಚೆನ್ನಾಗಿರುತ್ತದೆ, ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಡಿ. ಪತ್ರಿಕೆಯವರಿಗೆ ಹಿಂದಿನ ದಿನವೇ ಹೇಳಿಬಿಡಿ: ಹುಡುಗರ ಮುಖ ಬೇಡ. ಛಾಯಾಗ್ರಾಹಕರಿಗೆ ಬೇರೆ ಚಿತ್ರ ಬೇಕಲ್ಲ, ತಮಟೆಯವರನ್ನು ಮುಂದೆ ನಿಲ್ಲಿಸಿ.

ಇಪ್ಪತ್ತೇ ಜನ ಬಂದರೆ? ಮೈದಾನದ ನಡುವೆ ಇಪ್ಪತ್ತು ಜನ ನಿಂತರೆ ದಾರಿತಪ್ಪಿದ ಮದುವೆ ದಿಬ್ಬಣದಂತೆ ಕಾಣುತ್ತಾರೆ. ಪಾದಚಾರಿ ದಾರಿಯ ಅಂಚಿನಲ್ಲಿ, ಭುಜಕ್ಕೆ ಭುಜ ತಾಗಿಸಿ, ಒಂದೇ ಸಾಲಿನಲ್ಲಿ ನಿಂತರೆ ಅದೇ ಇಪ್ಪತ್ತು ಜನ ಎರಡು ಅಂಗಡಿಗಳ ಮುಂದಿನವರೆಗೆ ಬರುತ್ತಾರೆ. ನಾಲ್ವರಿಗೆ ತೋಳಿಗೆ ಪಟ್ಟಿ ಕಟ್ಟಿ. ಯಾರಾದರೂ ಬಂದು ಕೆಣಕಿದರೆ ಉತ್ತರಿಸುವುದು ಅವರ ಕೆಲಸ, ಉಳಿದವರು ಬಾಯಿ ಬಿಡಬಾರದು. ನಲವತ್ತು ನಿಮಿಷ, ಮೂರು ಚಿಕ್ಕ ಮಾತು, ಮನವಿ ಓದಿ ಕೊಡುವುದು, ಅಷ್ಟೇ. ಮುಗಿದ ಮೇಲೆ ಬಂದ ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಬಸ್ಸಿಗೆ ಬಿಡಬೇಡಿ, ಗುಂಪಿನಲ್ಲೇ ಜೀಪಿಗೆ ಹತ್ತಿಸಿ, ತಲುಪಿದ ಮೇಲೆ ಫೋನ್ ಮಾಡಲು ಹೇಳಿ. ಮೂರನೆಯ ದಿನ ಸಂಜೆ ಆರಕ್ಕೆ ನಿಮ್ಮ ಏಳು ಜನರಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಮನವಿಯ ಕರಡು ಸಿದ್ಧವಾದರೆ ಕಳುಹಿಸಿ, ನೋಡಿಕೊಡುತ್ತೇನೆ. ಹುಡುಗರು ಬೇಡವೆಂದರೂ ಬರೆದು ತಿಳಿಸಿ; ಆಗ ಬಟ್ಟೆ, ಬಣ್ಣ, ಜೀಪು ಯಾವುದೂ ಬೇಕಾಗುವುದಿಲ್ಲ. ಮುಂದಿನ ಸಂತೆಯ ದಿನ ನೀವು ಏಳು ಜನರೂ ಅವರಿಬ್ಬರ ಜೊತೆ ಅದೇ ಪೇಟೆಗೆ, ಅದೇ ಜಾಗದ ಪಕ್ಕದ ಕ್ಯಾಂಟೀನಿಗೆ ಕಾಫಿಗೆ ಹೋಗಬೇಕಾಗುತ್ತದೆ.